ಉದ್ದ ಕೂದಲಿಗೆ ಒಂದೇ ಗೆರೆಯ ಕಟಿಂಗ್: ಕತ್ತರಿ ಹಾಕಿಸೋ ಮುಂಚೆ ಇಷ್ಟು ತಿಳ್ಕೊಳ್ಳಿ

ಕೊಕಟನೂರ: ತುದಿಯನ್ನು ಒಂದೇ ಗೆರೆಯಲ್ಲಿ ಕತ್ತರಿಸುವ ‘ಬ್ಲಂಟ್ ಕಟ್’ ನೆಟ್ಟನೆ ಕೂದಲಿಗೆ ಚೆಂದ ಒಪ್ಪುತ್ತದೆ. ತೆಳ್ಳಗಿನ ಕೂದಲೂ ತುದಿಯಲ್ಲಿ ದಪ್ಪ ಕಾಣ್ತದೆ. ಆದರೆ ಗೆರೆ ಅರ್ಧ ಇಂಚು ಓರೆಯಾದರೂ ಎದ್ದು ಕಾಣ್ತದೆ.

ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. 6 ಇಂಚು ತೆಗೆಸಿದರೆ ಮತ್ತೆ ಅಷ್ಟು ಬರಲು ವರ್ಷ ಬೇಕು. ಮನೆಯಲ್ಲಿ ಮದುವೆ ಇದ್ದರೆ ಹೆರಳು ಹಾಕಿ ಹೂ ಮುಡಿಯೋಷ್ಟು ಉದ್ದ ಉಳಿಸಿ. ಒದ್ದೆ ಕೂದಲು ಹಿಗ್ಗಿರುತ್ತದೆ, ಒಣಗಿದಾಗ ಗಿಡ್ಡ ಆಗ್ತದೆ. ಹಾಗಾಗಿ ಕೊನೇ ಗೆರೆ ಒಣಗಿದ ಮೇಲೆ ಸರಿ ಮಾಡಿಸಿ. ಆ ಗೆರೆ ಉಳೀಬೇಕಂದ್ರೆ ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸಬೇಕು.

ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸಾಬೂನು ಪೂರ್ತಿ ಹೋಗಲ್ಲ, ಕೂದಲು ಒರಟಾಗ್ತದೆ. ಶಾಂಪೂ ಹಾಕಿ. ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿಯ ಸಿಕ್ಕು ಬಿಡಿಸಿ, ಆಮೇಲೆ ಮೇಲಿಂದು.

ಇನ್ನೊಂದು ಮಾತು. ಇದು ಯಲ್ಲಮ್ಮನ ಜಾತ್ರೆ ನಡೆಯುವ ಊರು. ಗಂಟುಗಟ್ಟಿದ ಕೂದಲು ‘ದೇವಿಯ ಜಡೆ’ ಅಂತ ಕತ್ತರಿ ಮುಟ್ಟಿಸಲು ಹೆದರುವವರಿದ್ದಾರೆ. ಇದೇ ನೆಪದಲ್ಲಿ ಹುಡುಗಿಯರನ್ನು ದೇವದಾಸಿ ಬಿಟ್ಟದ್ದೂ ಉಂಟು. ಕರ್ನಾಟಕದಲ್ಲಿ ಕಾನೂನಿನ ಪ್ರಕಾರ ಅದು ಅಪರಾಧ. ತೊಳೆಯದೆ, ಬಾಚದೆ ಬಿಟ್ಟ ಕೂದಲು ಗಂಟಾಗ್ತದೆ, ಅಷ್ಟೇ. ಎಣ್ಣೆ ಹಚ್ಚಿ ಬಿಡಿಸಿ. ಬಿಡಲೇ ಇಲ್ಲವಾದರೆ ಕತ್ತರಿಸಿಬಿಡಿ.