ಚರ್ಮ ಕೊಳ್ಳುವ ಮೊದಲು ಅಂಚು ನೋಡಿ

ಚರ್ಮದ ಕೆಲಸ ಕಲಿಯೋಣ ಅಂತ ಅಂಗಡಿಗೆ ಹೋದರೆ ಬಣ್ಣಕ್ಕೆ ಮರುಳಾಗಬೇಡಿ. ಕತ್ತರಿಸಿದ ಅಂಚು ನೋಡಿ. ನಡುವೆ ನೀಲಿ-ಬೂದು ಗೆರೆ ಕಂಡರೆ ಅದು ಕ್ರೋಮ್ ಚರ್ಮ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಮೆತ್ತಗಿರುತ್ತೆ, ಜಾಕೆಟ್ಟಿಗೆ ಸರಿ.

ಹೊಸಬರಿಗೆ ತೊಗಟೆಯಲ್ಲಿ ಹದ ಮಾಡಿದ್ದೇ ವಾಸಿ. ಒದ್ದೆ ಮಾಡಿ ಒತ್ತಿದರೆ ಅಚ್ಚು ನಿಲ್ಲುತ್ತೆ, ಅಂಚು ಉಜ್ಜಿದರೆ ಹೊಳಪು ಬರುತ್ತೆ. ನಮ್ಮ ಕಡೆ ಈ ಹದಕ್ಕೆ ತಂಗಡಿ ತೊಗಟೆ, ಅಳಲೆಕಾಯಿ ಬಳಸುತ್ತಾ ಬಂದಿದ್ದಾರೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ, ಅಥಣಿಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ಇಂಥ ಚರ್ಮದ್ದೇ.

ಮೊದಲಿಗೆ ಒಂದು ಕಾರ್ಡ್ ಹೋಲ್ಡರ್ ಸಾಕು. 1.2ರಿಂದ 1.5 ಮಿ.ಮೀ. ದಪ್ಪದ ಚರ್ಮ, ಹರಿತವಾದ ಬ್ಲೇಡು, ಸ್ಟೀಲ್ ಸ್ಕೇಲು.

ಹೊಲಿಗೆ ಮಾತ್ರ ಮೊದಲು ಕೈಯಲ್ಲೇ ಕಲಿಯಿರಿ. ದಾರ ಒಂದು, ಸೂಜಿ ಎರಡು, ತುದಿಗೊಂದರಂತೆ. ದಾರ ಹೊಲಿಗೆಯ ಉದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಇರಲಿ. ಒಂದೇ ತೂತಿನಲ್ಲಿ ಎರಡೂ ಸೂಜಿ ಎದುರುಬದುರಾಗಿ ಹಾಯಬೇಕು. ಒಂದು ಕಡೆ ಸವೆದು ತುಂಡಾದರೂ ಇನ್ನೊಂದು ಎಳೆ ಹಿಡಿದಿರುತ್ತೆ. ಮಷಿನ್ ಹೊಲಿಗೆಯಲ್ಲಿ ಈ ಭದ್ರತೆ ಇಲ್ಲ.

ಆದರೂ ಮಷಿನ್ ಬೇಕೇ? ಮನೆಯ ಮಷಿನ್ನಿಗೆ ತೆಳು, ಮೆತ್ತನೆ ಚರ್ಮ ಮಾತ್ರ ಕೊಡಿ. ಚರ್ಮದ ಸೂಜಿ ಹಾಕಿ, ಒಂದೊಂದು ಹೊಲಿಗೆ 3-4 ಮಿ.ಮೀ. ಇಡಿ. ಗುಂಡುಪಿನ್ ಬೇಡ, ತೂತು ಹಾಗೇ ಉಳಿಯುತ್ತೆ, ಕ್ಲಿಪ್ ಹಾಕಿ. ಮೂಲೆ ಬಂದಾಗ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಕೊನೆಯಲ್ಲಿ ರಿವರ್ಸ್ ಹೊಡೆಯೋದೂ ಬೇಡ, ಒತ್ತೊತ್ತಾಗಿ ತೂತು ಬಿದ್ದರೆ ಚರ್ಮ ಹರಿಯುತ್ತೆ. ದಾರದ ತುದಿಗಳನ್ನು ಹಿಂಬದಿಗೆ ಎಳೆದು ಗಂಟು ಹಾಕಿ.