ಸ್ಪ್ಯಾನಿಷ್ ಕಲಿಯೋಕೆ ನಡುವೆ ಇಂಗ್ಲಿಷ್ ಯಾಕೆ?

ಸುಮಾರು 20 ದೇಶಗಳ ಅಧಿಕೃತ ಭಾಷೆ ಸ್ಪ್ಯಾನಿಷ್. ನಮ್ಮ ಕ್ಯಾಂಪಸ್‌ನಲ್ಲಿ ಆ್ಯಪ್ ಹಾಕ್ಕೊಂಡು ಅದನ್ನ ಶುರು ಮಾಡಿದವರು ತುಂಬಾ ಜನ, ಇಂಟರ್ನಲ್ಸ್ ಬಂದ ತಕ್ಷಣ ಬಿಟ್ಟವರೂ ಅಷ್ಟೇ ಜನ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ., ವಿದೇಶಿಯರು ನಮಗೆ ಹೊಸಬರಲ್ಲ. ಆದರೂ ಸ್ಪ್ಯಾನಿಷ್ ಮಾತಾಡೋರು ಎದುರಿಗೆ ಸಿಕ್ಕರೆ 'ಓಲಾ' ಆದ ಮೇಲೆ ಬಾಯಿ ಕಟ್ಟಿಬಿಡುತ್ತೆ.

ಯಾಕಂದ್ರೆ ಆ್ಯಪ್‌ನಲ್ಲಿ ನಾವು ಹೆಚ್ಚಾಗಿ ಉತ್ತರ ಆರಿಸ್ತೀವಿ, ಮಾತಾಡೋದು ಕಡಿಮೆ. ದೊಡ್ಡ ಕ್ಲಾಸಲ್ಲೂ ಅದೇ ಕಥೆ. 60 ಜನ, 60 ನಿಮಿಷ. ಮೇಷ್ಟ್ರು ಬಾಯೇ ಬಿಡದಿದ್ರೂ ತಲಾ 1 ನಿಮಿಷ. ಅದಕ್ಕೇ ಐದಾರು ಜನರ ಗುಂಪು ಮಾಡಿ, ಅದರಲ್ಲೂ ಇಬ್ಬಿಬ್ಬರನ್ನ ಜೋಡಿ ಮಾಡಿ ಕೂರಿಸೋದು. ಒಬ್ಬರ ಚೀಟಿಯಲ್ಲಿ ಕಂಪ್ಲಿ ಬಸ್ಸಿನ ಟೈಮ್ ಇದೆ ಅಂದ್ಕೊಳ್ಳಿ, ಇನ್ನೊಬ್ಬರದ್ದರಲ್ಲಿ ಆ ಜಾಗ ಖಾಲಿ. ಚೀಟಿ ತೋರಿಸೋ ಹಾಗಿಲ್ಲ. 'ಆ ಕೆ ಓರಾ ಸಾಲೆ ಎಲ್ ಔತೊಬುಸ್?', ಅಂದ್ರೆ ಬಸ್ಸು ಎಷ್ಟು ಗಂಟೆಗೆ ಬಿಡುತ್ತೆ, ಅಂತ ಕೇಳಿಯೇ ತುಂಬಬೇಕು. ತಪ್ಪು ಕೇಳಿಸ್ಕೊಂಡ್ರೆ ಬಸ್ ಮಿಸ್! ಇದನ್ನ 60 ಜನರ ಕ್ಲಾಸಲ್ಲೂ ಮಾಡಬಹುದಲ್ಲ ಅಂತೀರಾ? ಮಾಡಬಹುದು, ಆದರೆ 30 ಜೋಡಿಗೆ ಒಟ್ಟಿಗೇ ಕಿವಿ ಕೊಡೋ ಮೇಷ್ಟ್ರು ಬೇಕು.

ಇಂಥ ಗುಂಪಲ್ಲಿ ಜೋರಾಗಿ ಮಾತಾಡೋಕೆ ಶುರು ಮಾಡಿದಾಗಲೇ ನಮಗೆ ಇನ್ನೊಂದು ವಿಷಯ ಗೊತ್ತಾಗಿದ್ದು: ಅಡ್ಡ ಬರ್ತಾ ಇರೋದು ಇಂಗ್ಲಿಷು. ಇಂಗ್ಲಿಷ್ ಮೀಡಿಯಂನವರಾದ ನಾವು 'ಟೊಮೇಟೊ' ನೆನಪಲ್ಲಿ 'ಟೊಮಾಟೆ' ಅಂತೀವಿ. ಸ್ಪ್ಯಾನಿಷ್‌ನಲ್ಲಿ ಅದು 'ತೊಮಾತೆ', ನಮ್ಮದೇ ತ. ಸ್ವರಗಳು ಐದೇ: ಅ, ಎ, ಇ, ಒ, ಉ. ಬಹುಪಾಲು ಬರೆದ ಹಾಗೇ ಓದೋದು. ಕಾಗುಣಿತ ಬಿಟ್ಟರೆ ಬೇರೆಲ್ಲೂ ಸಿಗದ ನಮ್ಮ ಒಂಟಿ ಞ ಅಲ್ಲಿ ದಿನಾ ಬೇಕು. ನಾಳೆಗೆ 'ಮಞಾನಾ' ಅಂತಾರೆ. ಇನ್ನು 'ಹ' ಕಾರ ಬರೀತಾರೆ, ಉಚ್ಚರಿಸಲ್ಲ. ಹೋಟೆಲ್ ಅಲ್ಲಿ 'ಒತೆಲ್'. ಹಾಲನ್ನ ಆಲು ಅಂದವರನ್ನ ನೋಡಿ ನಗೋರು ಗಮನಿಸಿ.

ವ್ಯಾಕರಣವೂ ಹಾಗೇ. 'ಮೆ ಗುಸ್ತಾ ಎಲ್ ಕಫೆ' ಅನ್ನೋದನ್ನ ಇಂಗ್ಲಿಷ್‌ನಿಂದ ನೋಡಿದ್ರೆ ತಲೆಕೆಳಗು, ಕಾಫಿಯೇ ಕರ್ತೃ. ಕನ್ನಡದಿಂದ ನೋಡಿ: ನನಗೆ ಕಾಫಿ ಇಷ್ಟ. ಮುಗೀತು. 'ಆಬ್ಲೊ' ಅಂದ್ರೆ ಮಾತಾಡ್ತೀನಿ, 'ಆಬ್ಲಾಸ್' ಅಂದ್ರೆ ಮಾತಾಡ್ತೀಯ. 'ನಾನು', 'ನೀನು' ಹೇಳಲೇಬೇಕಿಲ್ಲ, ಕ್ರಿಯಾಪದದ ಬಾಲವೇ ಹೇಳುತ್ತೆ. 'ತು' ಅಂದ್ರೆ ನೀನು, 'ಉಸ್ತೆದ್' ಅಂದ್ರೆ ನೀವು. ಯಾರಿಗೆ ಯಾವುದು ಅನ್ನೋದು ನಮ್ಮಲ್ಲಿ ಮನೆಯಿಂದ ಮನೆಗೆ ಬೇರೆ, ಅಲ್ಲಿ ದೇಶದಿಂದ ದೇಶಕ್ಕೆ ಬೇರೆ.

ಕನ್ನಡ ಕೈಕೊಡೋದು ಲಿಂಗದಲ್ಲಿ. ಪುಸ್ತಕ 'ಎಲ್ ಲಿಬ್ರೊ', ಗಂಡು. ಟೇಬಲ್ 'ಲಾ ಮೆಸಾ', ಹೆಣ್ಣು. ಒಕಾರದಲ್ಲಿ ಮುಗಿಯೋದೆಲ್ಲ ಗಂಡು ಅಂದ್ಕೊಂಡ್ರೆ 'ಲಾ ಮಾನೊ', ಕೈ, ಹೆಣ್ಣು! ಇಲ್ಲಿ ಮನೆಯಲ್ಲಿ ಉರ್ದು ಮಾತಾಡೋ ಹೊಸಪೇಟೆಯವರು, ಲಂಬಾಣಿ ಮಾತಾಡೋ ಸಂಡೂರಿನ ತಾಂಡಾದವರು ನಮಗಿಂತ ಮುಂದೆ. ನಿರ್ಜೀವ ವಸ್ತುವಿಗೂ ಗಂಡು ಹೆಣ್ಣು ಹಚ್ಚೋದು ಅವರಿಗೆ ಬಾಲ್ಯದಿಂದ ರೂಢಿ. ಗುಂಪು ಮಾಡುವಾಗ ಅಂಥ ಒಬ್ಬರನ್ನ ಸೇರಿಸ್ಕೊಳ್ಳಿ.

ಅಂದಹಾಗೆ, ಸುಮಾರು 1520ರಲ್ಲಿ ಕೃಷ್ಣದೇವರಾಯನ ಹಂಪಿ ನೋಡಿ ಬರೆದ ದೊಮಿಂಗೊ ಪಾಯಿಸ್‌ನ ಭಾಷೆ ಪೋರ್ಚುಗೀಸ್, ಸ್ಪ್ಯಾನಿಷ್‌ನ ಒಡಹುಟ್ಟು. ಪಾದ್ರಿ, ಚಾವಿ ಪೋರ್ಚುಗೀಸರಿಂದ ಬಂದ ಪದಗಳು. ಸ್ಪ್ಯಾನಿಷ್‌ನಲ್ಲಿ ಅವು 'ಪಾದ್ರೆ', 'ಯಾವೆ'.

ಸರ್ಟಿಫಿಕೇಟ್ ಬೇಕಿದ್ರೆ ದೆಲೆ ಅನ್ನೋ ಪರೀಕ್ಷೆ ಇದೆ, ಎ1ರಿಂದ ಸಿ2ವರೆಗೆ ಆರು ಹಂತ. ದೆಹಲಿಯಲ್ಲೂ ಶಾಖೆ ಇರೋ ಇನ್‌ಸ್ತಿತೂತೊ ಸೆರ್ವಾಂತೆಸ್ ಅದನ್ನ ನಡೆಸುತ್ತೆ. ಮಾತಾಡೋದಕ್ಕೂ ಅದರಲ್ಲಿ ಅಂಕ ಇದೆ. ಆನ್‌ಲೈನ್ ಕ್ಲಾಸಿಗೆ ಫೀಸ್ ಕಟ್ಟೋ ಮುಂಚೆ ಬ್ಯಾಚಲ್ಲಿ ಎಷ್ಟು ಜನ ಅಂತ ಕೇಳಿ. ನೂರು ಅಂದ್ರೆ ಯೂಟ್ಯೂಬ್ ಸಾಕು, ಅದು ಫ್ರೀ.