ಅಕಾಲದ ದ್ವೀಪಯಾತ್ರೆ

ಸಮುದ್ರದೊಳಗಿನ ಸಜೀವ ಹವಳವನ್ನು ಒಮ್ಮೆ ಕಾಣಬೇಕೆಂಬುದು ನನ್ನ ಸಹಧರ್ಮಿಣಿಯ ಬಹುಕಾಲದ ಆಸೆ. ನಿವೃತ್ತನಾದ ಮೇಲೆ, ಅರ್ಧ ಬಾಡಿಗೆಗೆ ಕೊಠಡಿ ದೊರೆಯುವುದೆಂಬ ಲೋಭದಿಂದ, ಆಷಾಢಮಾಸದಲ್ಲಿಯೇ ಆಕೆಯನ್ನು ಅಂಡಮಾನಿನ ನೀಲ್ ದ್ವೀಪಕ್ಕೆ ಕರೆದೊಯ್ದೆನು. 2018ರಿಂದ ಅದರ ಹೆಸರು ಶಹೀದ್ ದ್ವೀಪ. ಹಳೆಯ ಹೆಸರನ್ನು ಸಂಸ್ಕೃತದ ‘ನೀಲ’ವೆಂದೇ ನಾನು ಭಾವಿಸಿದ್ದೆನು, ಅದು ನೀಲ್ ಎಂಬ ಆಂಗ್ಲ ಸೇನಾನಿಯ ಹೆಸರಂತೆ! ಕಡಲೂ ನೀಲವಾಗಿರಲಿಲ್ಲ.

ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಅಲ್ಲಿ ನೈಋತ್ಯ ಮಾರುತದ ಆಳ್ವಿಕೆ. ಭರತಪುರದ ತೀರದಲ್ಲಿ ಹವಳ ತೋರಿಸುವ ಗಾಜಿನ ತಳದ ದೋಣಿಗಳು ಸುಮ್ಮನೆ ನಿಂತಿದ್ದವು, ನೀರು ಕದಡಿತ್ತು. ವಸತಿಗೃಹದಲ್ಲಿ ನಾವಿಬ್ಬರೇ. ಹಾಸಿಗೆ ತೇವ, ಅನ್ನ ತಣ್ಣಗೆ. ಹಡಗು ಹೊರಡದೆ ಎರಡು ದಿನ ಹೆಚ್ಚಾಗಿ ತಂಗಬೇಕಾಗಿ, ಉಳಿಸಿದ ಹಣವೂ ಕರಗಿತು.

ಮಳೆಯನ್ನು ನಿಂದಿಸಲು ಬಾಯ್ತೆರೆದೆನು. ಆದರೆ ಅಂಡಮಾನಿಗೆಲ್ಲ ತರಕಾರಿ ಬೆಳೆದು ಕಳುಹುವ ಆ ದ್ವೀಪದ ರೈತರಿಗೆ ಅದೇ ಮಳೆ ಜೀವನವಲ್ಲವೆ? ಅಕಾಲದಲ್ಲಿ ಬಂದವನು ನಾನು, ತಪ್ಪು ಋತುವಿನದಲ್ಲ.

ಆಕೆ ಒಂದು ಮಾತನ್ನೂ ಆಡಲಿಲ್ಲ. ಅದೇ ನನಗಾದ ದಂಡನೆ. ಗೃಹಸ್ಥರೇ, ತರಕಾರಿಗೆ ಚೌಕಾಸಿ ಮಾಡಿರಿ. ಮನೆಯವರ ಆಸೆಗೆ ಮಾಡಬೇಡಿರಿ. ಬರುವ ಮಾಘಮಾಸದಲ್ಲಿ, ಪೂರ್ಣ ಬಾಡಿಗೆ ತೆತ್ತು, ಮರಳಿ ಹೊರಡುವೆವು.